ಚೀನೀ ಪತ್ರಕ್ಕೆ ದನಿ ಹುಡುಕಿದ ಮೂರ್ತಪ್ಪನವರು

ತೆರೆದ ಪುಸ್ತಕವನ್ನು ಅಧ್ಯಾಯ ಮುಗಿಯದೆ ಮುಚ್ಚಿದವರಲ್ಲ ನಮ್ಮ ಮೂರ್ತಪ್ಪನವರು. ಭದ್ರಾವತಿಯ ನ್ಯೂ ಟೌನಿನಲ್ಲಾಗಲಿ ಓಲ್ಡ್ ಟೌನಿನಲ್ಲಾಗಲಿ ಯಾರ ಮನೆಯಲ್ಲಿ ಸಾವಾದರೂ, ಮೂರನೆಯ ದಿನದ ಸಂಜೆ, ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಕಾಲದ ಮಾಸಲು ಕಂದು ಕೋಟು ತೊಟ್ಟು, ಬಟ್ಟೆಯಲ್ಲಿ ಸುತ್ತಿದ ಪುರಾಣವನ್ನು ಎಡಗಂಕುಳಲ್ಲಿ ಅವುಚಿಕೊಂಡು, ಅದರ ಭಾರಕ್ಕೋ ಎಂಬಂತೆ ಒಂದು ಪಕ್ಕಕ್ಕೆ ವಾಲಿ ನಡೆಯುತ್ತ ಅವರು ಬಂದೇ ಬರುತ್ತಿದ್ದರು. ಗಂಟಲು ಸರಿಮಾಡಿಕೊಂಡು, ತೋರುಬೆರಳೆತ್ತಿ, "ಮೊದಲು ವಾಚನ, ಆಮೇಲೆ ಅರ್ಥ, ಆಯ್ತಾ?" ಎಂದು ಆರಂಭಿಸಿದರೆ ಅಳುವವರೂ ಅಳು ನುಂಗಿ ಕೇಳಬೇಕು, ಅಂಥ ಕಂಠ. ಪ್ರತಿಯಾಗಿ ಒಂದು ಲೋಟ ನೀರಿನ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಸತ್ತವರಿಗಾಗಿ ಓದುವ ಓದು ಕೊಳ್ಳುವ ಮಾಲಲ್ಲ ಎಂಬುದು ಅವರ ಹಟ.

ಒಬ್ಬಳೇ ಮಗಳು ರಕ್ಷಾ ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದಳು. ಹೋದ ವರ್ಷ ಸಾದಾ ಜ್ವರವೆಂದು ಆಸ್ಪತ್ರೆ ಸೇರಿದವಳು ಒಂದು ಸಂಜೆ ಅಪ್ಪನಿಗೆ ಮೂರು ಸಲ ಫೋನು ಮಾಡಿದಳು. ಅಪ್ಪ ಆಗ ಶಿವಮೊಗ್ಗದ ಯಾರದೋ ಸಾವಿನ ಮನೆಯಲ್ಲಿ ಅಧ್ಯಾಯದ ನಡುವೆ ಇದ್ದರು. ಕೋಟಿನ ಜೇಬಿನಲ್ಲಿ ಫೋನು ನಡುಗಿದ್ದು ಗೊತ್ತಾಗಿತ್ತು, ತೆಗೆಯಲಿಲ್ಲ. ಓದು ಮುಗಿಸಿ ತಾವೇ ಕರೆ ಮಾಡಿದಾಗ ಆ ಕಡೆ ಎತ್ತುವವರಿರಲಿಲ್ಲ, ಅಷ್ಟರಲ್ಲಿ ಹುಡುಗಿ ತೀರಿಕೊಂಡಿದ್ದಳು. ಆ ಮನುಷ್ಯ ಅವತ್ತಿನಿಂದ ಯಾರ ಮನೆಯಲ್ಲೂ ಪುಸ್ತಕ ಬಿಚ್ಚಿಲ್ಲ.

ಮೂರು ತಿಂಗಳ ಮೇಲೆ ಹಾಸ್ಟೆಲಿನ ಆಯಾ ಬರೆಸಿದ ಪತ್ರವೊಂದು ಇ-ಮೇಲಿನಲ್ಲಿ ಬಂತು. ಹುಡುಗಿಯ ಮಂಚದ ಪಕ್ಕ ಕೊನೆಯ ತನಕ ಕೂತಿದ್ದವಳು ಆಕೆಯೇ ಎಂದು ಕಾಲೇಜಿನವರು ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿದ್ದರು, ಪತ್ರವೆಲ್ಲ ಚೀನೀ. ಅರ್ಥ ತಿಳಿಯಲು ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಹೆಂಡತಿ ಪದ್ಮಮ್ಮ ಅದನ್ನೇ ಬೇಡಿಕೊಂಡರು. ಇವರು ಒಪ್ಪಬೇಕಲ್ಲ! ಸಾವಿನ ಮನೆಗೆ ಬಂದ ಮಾತನ್ನು ಮೊದಲು ಪೂರ್ತಿ ದನಿಯೆತ್ತಿ ಓದಬೇಕು, ಅದೂ ಪುಕ್ಕಟೆಯಾಗಿ ಎಂದು ಪಟ್ಟು ಹಿಡಿದು, ಚೀನೀ ಓದುವ ಉಚಿತ ತಂತ್ರಾಂಶ ಹುಡುಕಿಕೊಡೆಂದು ಶಿವಮೊಗ್ಗದಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ಬೆನ್ನು ಬಿದ್ದರು.

ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಿದ್ದರು, ಅದೇ ಕೋಟಿನಲ್ಲಿ. ಒಂದು ತಂತ್ರಾಂಶ ಹತ್ತು ಸಾಲು ಓದಿ ದುಡ್ಡು ಕೇಳಿತು. ನಾನೇ ಕಟ್ಟುತ್ತೇನೆಂದರೆ ಮುನಿಸಿಕೊಂಡು ಎದ್ದೇಬಿಟ್ಟರು. ಇನ್ನೊಂದು ಉಚಿತವಾಗಿಯೇ ಓದಿತು, ಆದರೆ ಓದಿದ್ದರ ಅರ್ಥ ತೆರೆಯ ಕೆಳಭಾಗದಲ್ಲಿ ಕನ್ನಡವಾಗಿ ಮೂಡುತ್ತಿತ್ತು. ಮೂರ್ತಪ್ಪನವರು ಬೆಚ್ಚಿ ಎರಡೂ ಅಂಗೈಗಳಿಂದ ತೆರೆಯನ್ನು ಮುಚ್ಚಿಬಿಟ್ಟರು. ಪತ್ರದಲ್ಲಿ ಏನಿದೆಯೋ ಎಂಬ ಭಯಕ್ಕೆ ಇವರು ದಿನ ದೂಡುತ್ತಿದ್ದಾರೆಂದು ಅವತ್ತು ನನಗೆ ತಿಳಿಯಿತು. ಅಯ್ಯೋ, ಇಷ್ಟು ದಿನ ಇವರ ಹಟ ಕಂಡು ಒಳಗೊಳಗೇ ನಕ್ಕಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಕೊನೆಗೆ, ದೃಷ್ಟಿಯಿಲ್ಲದವರಿಗೆಂದು ಯಾರೋ ಪುಣ್ಯಾತ್ಮರು ಮಾಡಿಟ್ಟ ತಂತ್ರಾಂಶವೊಂದು ಸಿಕ್ಕಿತು. ದುಡ್ಡು ಕೇಳುವುದಿಲ್ಲ, ಅರ್ಥ ಹೇಳುವುದಿಲ್ಲ, ಬರೀ ಓದುತ್ತದೆ. ಅವರ ಮನೆಗೇ ಹೋಗಿ ಓದಿಸಿದೆ. ಭಾವವಿಲ್ಲದ ಆ ಯಂತ್ರದ ದನಿ ಆರು ನಿಮಿಷ ಓದಿತು. ಅವರು ಕೈಮುಗಿದು ನಿಂತೇ ಕೇಳಿದರು. ಈಗ ಅರ್ಥ ನೋಡೋಣವೇ ಎಂದೆ.

"ಇನ್ನೊಂದ್ಸಲ ಓದ್ಸು ಮಾರಾಯ," ಎಂದರು.

ಮತ್ತೆ ಓದಿಸಿದೆ. ಮೂರನೆಯ ಸಲಕ್ಕೆ ಪದ್ಮಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ಅಲ್ಲಿ ನನ್ನ ಫೋನಿನಲ್ಲಿ ಅದೇ ಪತ್ರ ತೆರೆದು ಗುಂಡಿ ಒತ್ತಿ, ಕನ್ನಡವಾಗಿ ಬಂದದ್ದನ್ನು ತಗ್ಗಿದ ದನಿಯಲ್ಲಿ ಓದಿ ಹೇಳಿದೆ. ಹುಡುಗಿ ಕೊನೆಯವರೆಗೂ ಫೋನನ್ನು ಕೈಬಿಡಲಿಲ್ಲವಂತೆ. ಅಪ್ಪ ಎಲ್ಲೋ ಓದುತ್ತಿರಬೇಕು, ಮುಗಿದ ಕೂಡಲೆ ಮಾಡುತ್ತಾರೆ ಎಂದು ಆಯಾಗೆ ಸಮಾಧಾನ ಹೇಳಿದಳಂತೆ.

ಅವಳಿಗೆ ಸಿಟ್ಟೇ ಇರಲಿಲ್ಲವಲ್ಲ, ಇದನ್ನು ಅವರಿಗೆ ಹೇಳಿಬಿಡಲೇ ಎಂದು ಕೇಳಿದೆ. ಪದ್ಮಮ್ಮ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದರು.

"ಬೇಡಪ್ಪ. ಬೈದು ಹೋಗಿದ್ರೆ ತಡ್ಕೊಳ್ತಿದ್ರು. ಇದನ್ನ ತಡ್ಕೊಳಲ್ಲ."

ಹೊರಗೆ ಯಂತ್ರ ಓದುತ್ತಲೇ ಇತ್ತು. ಇಂಥವರನ್ನು ನಾವು ಗಟ್ಟಿಗರೆಂದು ತಿಳಿದಿರುತ್ತೇವೆ. ಎಷ್ಟೋ ಮನೆಗಳ ಸಾವಿನಲ್ಲಿ ದನಿ ನಡುಗದೆ ಓದಿದವರೆಂದು ಮೆಚ್ಚಿ ಮಾತಾಡುತ್ತೇವೆ. ಅವರದೇ ಮನೆಗೆ ಸಾವು ಬಂದಾಗ ಹೋಗಿ ಎದುರಿಗೆ ಕೂತು ಓದಬಲ್ಲವರು ಇಡೀ ಊರಿನಲ್ಲಿ ಒಬ್ಬರೂ ಇರುವುದಿಲ್ಲ.