ಗಾದಿ ಮಕ್ಬುಲಸಾಬರ ಮನೆಯ ಸೀನು

ಕುಷ್ಟಗಿಯಲ್ಲಿ ಗಾದಿ ಮಕ್ಬುಲಸಾಬರ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೆಳಿಗ್ಗೆ ಓಣಿಯ ತುದಿಗೆ ನಿಂತು ಕಿವಿಗೊಟ್ಟರೆ ಸೀನಿನ ಸದ್ದೇ ದಾರಿ ತೋರಿಸುತ್ತದೆ. ಮೊದಲು ಅಪ್ಪನದು, ಆಮೇಲೆ ಮಗಳದು. ಒಂದೆರಡಲ್ಲ, ಹತ್ತು ಹನ್ನೆರಡು. "ಸಾಬರ ಮನ್ಯಾಗ ಗಡಿಯಾರ ಬ್ಯಾಡ ಬಿಡ್ರಿ" ಎಂದು ಎದುರು ಮನೆಯ ದೊಡ್ಡಬಸಪ್ಪ ಚಾಷ್ಟಿ ಮಾಡುತ್ತಾನೆ. ಅವನಿಗೇನು, ಮೂಗು ನೆಟ್ಟಗಿದ್ದವನು ಏನು ಬೇಕಾದರೂ ಅಂದಾನು. ಮೂಗು ಕಟ್ಟಿದವನ ಪಾಡು ಕಟ್ಟಿದವನಿಗೇ ಗೊತ್ತು.

ಮಕ್ಬುಲಸಾಬರದು ಹತ್ತಿ ಹಿಂಜಿ ಗಾದಿ ತುಂಬುವ ಮನೆತನ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಮಷೀನಿಗೆ ಕೊಟ್ಟರೆ ಮನೆ ತುಂಬ ಧೂಳು. ಮಷೀನು ಇದ್ದದ್ದು ಪಡಸಾಲೆಯಲ್ಲಿ. ಮಗಳು ನಾಹೀದಾ ಮಲಗುತ್ತಿದ್ದದ್ದೂ ಅಲ್ಲೇ, ಹತ್ತಿಯ ಚೀಲಗಳ ಪಕ್ಕದಲ್ಲಿ. ಬೆಲ್ಲ ತಿಂದರೆ ಹತ್ತಿಯ ಧೂಳು ಇಳಿದು ಹೋಗುತ್ತದೆ ಎಂದು ಅಜ್ಜ ಹೇಳಿದ್ದ, ಅಪ್ಪನೂ ಹೇಳಿದ್ದ. ಅದಕ್ಕೇ ಮಕ್ಬುಲಸಾಬರು ದಿನಾ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಮಗಳಿಗೊಂದು ಕೊಟ್ಟು ಕೆಲಸಕ್ಕೆ ಕೂಡುತ್ತಿದ್ದರು. ಬೆಲ್ಲ ಹೊಟ್ಟೆಗೆ ಹೋಗುತ್ತಿತ್ತು, ಧೂಳು ಮೂಗಿನಲ್ಲೇ ಉಳಿಯುತ್ತಿತ್ತು.

ಒಂದು ದಿನ ಕಾಲೇಜಿನಿಂದ ಕರೆ ಬಂತು, ಮಕ್ಬುಲಸಾಬರು ಹೋದರು. ನಾಹೀದಾ ಪಿಯುಸಿ ಎರಡನೇ ವರ್ಷ. ಮೇಷ್ಟ್ರು ಗೋವಿಂದರಾಜ ಮುಖ ಗಂಟು ಹಾಕಿಕೊಂಡೇ ಮಾತಾಡಿದರು.

"ಸಾಬ್ರ, ನಿಮ್ಮ ಹುಡುಗಿಗೆ ಓದಾಕ ಮನಸ್ಸಿಲ್ರಿ. ಬೆಂಚಿನ ಮ್ಯಾಲ ತಲಿ ಇಟ್ಟು ಮಲಗತಾಳ. ಹಿಂಗಾದ್ರ ಪಾಸಾಗೂದಿಲ್ಲ."

ಮಕ್ಬುಲಸಾಬರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ಅವಳೊಬ್ಬಳೇ. ಮನೆಗೆ ಬಂದವರೇ ಹೆಂಡತಿ ಸೈದಾನಬಿಗೆ ಹೇಳಿದರು, "ನಾಳೆ ಟಿ.ಸಿ. ತರತೀನಿ. ಈಕಿ ಮನ್ಯಾಗ ದಿಂಬು ಹೊಲೀಲಿ."

"ಅಬ್ಬಾ, ನಾ ಬೇಕಂತ ಮಲಗಂಗಿಲ್ಲ," ನಾಹೀದಾ ಅತ್ತಳು. "ಕಣ್ಣು ತಾವ ಮುಚ್ಚತಾವ."

"ಮೈಗಳ್ಳರು ಎಲ್ಲಾರೂ ಹಂಗ ಅಂತಾರ."

ಅದೇ ಹೊತ್ತಿಗೆ ದಿಂಬು ತುಂಬಿಸಲು ಬಂದಿದ್ದ ಆಶಾ ಕಾರ್ಯಕರ್ತೆ ಅಮೃತಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ನಾಹೀದಾಳ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು, ಉಸಿರು ಬಾಯಿಂದಲೇ.

"ಅಣ್ಣಾ, ಇದು ಅಲರ್ಜಿ ಇದ್ದಂಗ ಕಾಣತೈತಿ. ದವಾಖಾನಿಗೆ ತೋರ್ಸೀರೇನು?"

"ಅಲರ್ಜಿ ಅನ್ನೂದು ಸಾವುಕಾರ್ರ ರೋಗ ತಂಗಿ. ನಮಗ ಬಂದಿದ್ದು ನೆಗಡಿ."

"ನೆಗಡಿ ವಾರಕ್ಕ ಹೋಗತೈತಿ. ನಿಮಗ ಎಷ್ಟು ವರ್ಷ ಆತು?"

ಮಕ್ಬುಲಸಾಬರು ಲೆಕ್ಕ ಹಾಕಿದರು. ನಾಹೀದಾ ಹುಟ್ಟುವ ಮೊದಲಿನಿಂದ.

"ಜ್ವರ ಇಲ್ಲ, ಬೆಳಿಗ್ಗೆ ಎದ್ದ ಕೂಡಲೇ ಸೀನು, ನೀರಿನಂಥ ಸಿಂಬಳ, ಮೂಗು ಕಣ್ಣು ತುರಿಕಿ. ಹೌದಲ್ರಿ? ನಾಳೆ ಕಾಲೇಜಿಗೆ ಹೋಗೂಕಿಂತ ಮೊದಲ ದವಾಖಾನಿಗೆ ನಡೀರಿ. ಮನ್ಯಾಗಿರೋ ಔಷಧ ಎಲ್ಲಾ ಚೀಲದಾಗ ಹಾಕ್ಕೊಂಡು ಬರ್ರಿ."

ಮರುದಿನ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರಮ್ಮ ಇಬ್ಬರ ಮೂಗನ್ನೂ ಬ್ಯಾಟರಿ ಹಿಡಿದು ನೋಡಿದರು. ಆಮೇಲೆ ಚೀಲದಿಂದ ಮೂಗಿಗೆ ಬಿಡುವ ಹನಿಯ ಬಾಟಲಿ ತೆಗೆದರು.

"ಇದನ್ನ ಎಷ್ಟು ದಿನದಿಂದ ಬಿಡ್ತೀರಿ?"

"ಎರಡು ವರ್ಷ ಆತ್ರಿ, ಇಬ್ರೂ ಬಿಡ್ಕೋತೀವಿ. ಬಿಟ್ಟ ಕೂಡಲೇ ಮೂಗು ತೆರಿತೈತಿ."

"ಮೂರು ದಿನಕ್ಕಿಂತ ಹೆಚ್ಚು ಬಿಡಬಾರದು. ಆಮೇಲೆ ಈ ಹನಿಯೇ ಮೂಗು ಕಟ್ಟಿಸುತ್ತೆ." ಅವರು ಗುಳಿಗೆಯ ಪ್ಯಾಕೆಟ್ಟು ಎತ್ತಿದರು. "ಇದು?"

"ಸೀನಿನ ಗುಳಿಗಿರಿ. ಔಷಧದ ಅಂಗಡ್ಯಾಗ ಕೇಳಿ ತಂದದ್ದು. ಮಗಳಿಗೆ ಎರಡು ವರ್ಷದಿಂದ ದಿನಾ ಮುಂಜಾನಿ ನಾನ ಕೊಡತೀನಿ. ಕ್ಲಾಸಿನಾಗ ಸೀನಬಾರದಲ್ಲ, ಹುಡುಗ್ರು ನಗತಾರ."

ಡಾಕ್ಟರಮ್ಮ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟರು. "ಈ ಗುಳಿಗೆ ನಿದ್ದೆ ತರುತ್ತೆ ಮಕ್ಬುಲಸಾಬ್ರೆ. ರಾತ್ರಿ ಮೂಗು ಕಟ್ಟಿ ನಿದ್ದೆ ಇಲ್ಲ. ಬೆಳಿಗ್ಗೆ ಇದನ್ನ ನುಂಗಿದರೆ ಯಾವ ಮಗು ಎಚ್ಚರ ಇರುತ್ತೆ?"

ಮಕ್ಬುಲಸಾಬರು ಆ ಗುಳಿಗೆಯನ್ನೇ ನೋಡಿದರು. ತಮ್ಮ ಕೈಯಾರೆ ಗುಳಿಗೆ, ತಮ್ಮ ಬಾಯಾರೆ ಮೈಗಳ್ಳಿ ಎಂಬ ಬೈಗುಳ. ಮಗಳ ಮುಖ ನೋಡುವ ಧೈರ್ಯ ಅವರಿಗೆ ಆಗಲಿಲ್ಲ.

ಡಾಕ್ಟರಮ್ಮ ಆ ಹನಿ, ಆ ಗುಳಿಗೆ ಎರಡನ್ನೂ ನಿಲ್ಲಿಸಿ, ಇಬ್ಬರಿಗೂ ಮೂಗಿನ ಸ್ಪ್ರೇ ಬರೆದರು. ಆದರೆ ಕೇಡುಗಾಲ ಅಷ್ಟು ಬೇಗ ಬಿಡುವುದಿಲ್ಲ. ಹನಿ ನಿಲ್ಲಿಸಿದ ಮೇಲೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿತು. ಮೂರು ದಿನ ಸ್ಪ್ರೇ ಹೊಡೆದರು, ಏನೂ ಆಗಲಿಲ್ಲ. ನಾಲ್ಕನೆಯ ದಿನ ಬಾಟಲಿಗಳು ಮೂಲೆಗೆ ಬಿದ್ದವು. ನಾಹೀದಾ ಪುಸ್ತಕಗಳನ್ನು ಕಟ್ಟಿಟ್ಟು ಅಪ್ಪನ ಮುಂದೆ ನಿಂತಳು.

"ಟಿ.ಸಿ. ತಂದುಬಿಡ್ರಿ ಅಬ್ಬಾ. ನನ್ನ ಕಡಿಂದ ಆಗಂಗಿಲ್ಲ."

ಮಕ್ಬುಲಸಾಬರು ಹತ್ತಿಯ ಚೀಲದ ಮೇಲೆ ಕುಸಿದು ಅತ್ತರು. ಸೈದಾನಬಿ ಅಮೃತಾಳನ್ನು ಕರೆಯಲು ಓಡಿದಳು.

ಅಮೃತಾ ಬಂದವಳೇ ಮೂಲೆಯ ಬಾಟಲಿ ಎತ್ತಿಕೊಂಡು ಬೈದಳು. "ಒಂದ ಹೊಲಿಗಿ ಹಾಕಿದ್ರ ಗಾದಿ ಆಗತೈತೇನು ಅಣ್ಣಾ? ಇದರ ಗುಣ ಕಾಣಾಕ ಎರಡು ವಾರ ಬೇಕು. ಆರಾಮ ಆದ್ರೂ ಡಾಕ್ಟ್ರು ಬಿಡು ಅನ್ನೂತನಕ ದಿನಾ ಹೊಡೀಬೇಕು. ನಾಹೀದಾ, ತಲಿ ಸ್ವಲ್ಪ ಬಗ್ಗಿಸು. ಬಾಟಲಿ ತುದಿ ಮೂಗಿನ ನಡುವಿನ ಗೋಡಿ ಕಡಿ ಬ್ಯಾಡ, ಹೊರಗಿನ ಕಡಿ ಇರಲಿ. ಜೋರಾಗಿ ಎಳಕೋಬ್ಯಾಡ."

"ಪೂರಾ ವಾಸಿ ಆಗತೈತೇನು ತಂಗಿ?"

"ಸುಳ್ಳು ಹೇಳಂಗಿಲ್ಲ. ಇದು ಬೇರು ಸಮೇತ ಹೋಗೂದಿಲ್ಲ, ಹದ್ದುಬಸ್ತಿನಾಗ ಇಡಬೇಕು. ಮೊದಲ ಆ ಮಷೀನು ಹೊರಗ ಹಾಕ್ರಿ."

ಮಷೀನು ಹಿತ್ತಲಿನ ತಗಡಿನ ಚಪ್ಪರಕ್ಕೆ ಹೋಯಿತು, ಚೀಲಗಳೂ ಹೋದವು. ಮಕ್ಬುಲಸಾಬರು ಮಾಸ್ಕ್ ಕಟ್ಟಿಕೊಂಡು ಹಿಂಜತೊಡಗಿದರು, ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸಿಯೇ ಒಳಗೆ ಬಂದರು. ಸೈದಾನಬಿ ಒಣ ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸಿದಳು, ವಾರಕ್ಕೊಮ್ಮೆ ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದಳು. ಮೂರನೆಯ ವಾರ ನಾಹೀದಾ ಇಡೀ ರಾತ್ರಿ ಮಲಗಿದಳು. ಮಕ್ಬುಲಸಾಬರ ಮೂಗು ಅರ್ಧವೇ ತೆರೆಯಿತು. ಅಷ್ಟು ವರ್ಷದ ಹಾಳು ಇಷ್ಟಕ್ಕೇ ಸರಿಹೋಗುವುದಿಲ್ಲ, ಅದು ಅವರಿಗೂ ಗೊತ್ತು.

ಮರು ಸೋಮವಾರ ಅವರು ಕಾಲೇಜಿಗೆ ಹೋದರು. ಮಗಳನ್ನು ಬಿಡಿಸಲು ಬಂದಿದ್ದಾರೆ ಎಂದುಕೊಂಡು ಗೋವಿಂದರಾಜ ಮೇಷ್ಟ್ರು ಟಿ.ಸಿ. ಅರ್ಜಿ ಮುಂದಿಟ್ಟರು. ಮಕ್ಬುಲಸಾಬರು ಅದನ್ನು ಮುಟ್ಟಲಿಲ್ಲ.

"ಸರ್, ನನ್ನ ಮಗಳು ಮೈಗಳ್ಳಿ ಅಲ್ರಿ. ನಾನ ಆಕಿಗೆ ದಿನಾ ನಿದ್ದಿ ಕೊಟ್ಟು ಕಳಸತಿದ್ದೆ. ಪರೀಕ್ಷಿಗೆ ಎರಡು ತಿಂಗಳು ಐತಿ. ಹೋದ ಪಾಠ ಎಷ್ಟು ತಿರುಗಿ ಬರತೈತೋ ಗೊತ್ತಿಲ್ಲ, ಆಕಿನ್ನ ಮುಂದಿನ ಬೆಂಚಿನಾಗ ಕೂಡಿಸ್ರಿ."

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ಸೀನುವ, ಬಾಯಿಂದ ಉಸಿರಾಡುವ, ಹಗಲು ತೂಕಡಿಸುವ ಮಗು ಇರಬಹುದು. ಬೈಯುವ ಮೊದಲು ಅದನ್ನು ದವಾಖಾನೆಗೆ ಕರೆದುಕೊಂಡು ಹೋಗಿ. ಡಾಕ್ಟರನ್ನು ಕೇಳದೆ ಹನಿ ಬಿಡಬೇಡಿ, ಕೇಳದೆ ಗುಳಿಗೆ ಕೊಡಬೇಡಿ, ಬರೆದುಕೊಟ್ಟದ್ದನ್ನು ನಡುವೆ ಬಿಡಬೇಡಿ. ಉಸಿರಾಡುವಾಗ ಎದೆಯಲ್ಲಿ ಸಿಳ್ಳೆ ಕೇಳಿದರೆ ಅವತ್ತೇ ಹೋಗಿ. ಮಕ್ಬುಲಸಾಬರು ಮಗಳ ಎರಡು ವರ್ಷ ಕಳೆದ ಮೇಲೆ ಹೋದರು. ನೀವು ನಾಳೆಯೇ ಹೋಗಿ.