ಚಟ್ನಿಯೊಳಗಿನ ಬೆಲ್ಲ

ನನ್ನ ಹೆಂಡತಿ ಮಾನವ್ವ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಾಳೆ. ರೋಣದ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಸಣ್ಣ ಖಾನಾವಳಿ ಇದೆ. ಪಲ್ಯ, ಸಾರು, ಚಟ್ನಿ ನನ್ನ ಪಾಲು, ರೊಟ್ಟಿ ಆಕೆಯದು. ಜನ ಬಾಯಿತುಂಬ ಹೊಗಳುವುದು ನನ್ನ ಎಣ್ಣೆಗಾಯಿಯನ್ನು, ಮತ್ತೆ ಮತ್ತೆ ಬರುವುದು ಆಕೆಯ ರೊಟ್ಟಿಗೆ. ಇದು ನನಗೂ ಗೊತ್ತು, ಆಕೆಗೂ ಗೊತ್ತು. ಅಂಥವಳು ಒಂದು ದಿನ ಗಜೇಂದ್ರಗಡದ ಅಕ್ಕನ ಮನೆಯಿಂದ ಬಂದವಳೇ, ಕೈಚೀಲ ಕೆಳಗಿಡುವ ಮೊದಲು, "ಇವತ್ತಿಂದ ನಾ ರೊಟ್ಟಿ ತಿನ್ನಂಗಿಲ್ರಿ. ಅನ್ನ ಇಲ್ಲ, ಸಕ್ಕರಿ ಇಲ್ಲ, ಬೆಲ್ಲ ಇಲ್ಲ," ಎಂದಳು.

"ಮತ್ತ ಏನ್ ತಿಂತಿ? ನನ್ನ ತಲಿ?" ಎಂದೆ.

"ತತ್ತಿ, ಮಜ್ಜಿಗಿ, ಕಾಯಿಪಲ್ಲೆ. ಅಂಜಿಕಿ ಹೋಗತೈತಂತ."

ಮೆಣಸಗಿಯ ತವರುಮನೆಗೆ ಹೊಳೆ ನುಗ್ಗಿದ ವರ್ಷವೂ ಅಂಜದ ಹೆಂಗಸು ಆಕೆ. ಸೊಂಟದ ಮಟ ನೀರಿನಲ್ಲಿ ನಿಂತು ತಾಯಿಯ ಕಾಳಿನ ಚೀಲ ಸಾಗಿಸಿದವಳು. ಅಂಜಿಕೆ ಹಿಡಿದದ್ದು ಎರಡು ವರ್ಷದ ಹಿಂದೆ, ನಮ್ಮ ಒಬ್ಬಳೇ ಮಗಳು ದೇವಿಕಾ ನರಗುಂದದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ. ಒಂದು ಸಂಜೆ ಬಸ್ಸು ಕೆಟ್ಟು ನಿಂತು, ಫೋನು ಸತ್ತು, ಹುಡುಗಿ ನಾಲ್ಕು ತಾಸು ತಡವಾಗಿ ಬಂದಳು. ಬಂದವಳು ನಗುತ್ತಲೇ ಬಂದಳು, ಆದರೆ ಆ ನಾಲ್ಕು ತಾಸು ಮಾನವ್ವನ ಎದೆಯಿಂದ ಹೊರಗೆ ಹೋಗಲೇ ಇಲ್ಲ. ಹಿಟ್ಟು ಮಿದಿಯುತ್ತಿದ್ದವಳು ಒಮ್ಮೆಲೇ ಬೆವರುತ್ತಿದ್ದಳು, ಉಸಿರು ಸಿಗದೆ ಗೋಡೆ ಹಿಡಿಯುತ್ತಿದ್ದಳು. "ಎದಿ ಡಬಡಬ ಅನ್ನಾಕತ್ತೈತ್ರಿ, ಅಕಿಗೆ ಏನರ ಆಗೇತಿ," ಎನ್ನುತ್ತಿದ್ದಳು. ಫೋನು ಮಾಡಿದರೆ ಆ ಕಡೆಯಿಂದ, "ಬೆಳವಣಕಿ ದಾಟೇನಿ ಬೇ, ಎಷ್ಟ ಸಲ ಹೇಳ್ಲಿ?" ಎಂಬ ಸಿಡುಕು.

ಗದಗಿಗೆ ಕರೆದುಕೊಂಡು ಹೋದೆ. ಡಾಕ್ಟರು ಇಸಿಜಿ ತೆಗೆದು, ಎದೆ ಗಟ್ಟಿಯಾಗಿದೆ, ಇದು ಮನಸ್ಸಿನ ಕಾಯಿಲೆ, ಅದರ ಡಾಕ್ಟರಿಗೆ ತೋರಿಸಿ, ಔಷಧ ಇದೆ, ಗುಣವಾಗುತ್ತದೆ ಎಂದರು. ಮಾನವ್ವ ಅಲ್ಲಿಂದಲೇ ಎದ್ದು ನಡೆದಳು. "ನನ್ನ ಹುಚ್ಚಿ ಅಂತ ಬರಸ್ತೀರೇನು? ನಾಳೆ ಅಕಿ ಲಗ್ನ ಆಗಬೇಕೋ ಬ್ಯಾಡೋ?" ಎಂದು ಬಸ್ಸಿನಲ್ಲಿ ಎಲ್ಲರೂ ಕೇಳುವಂತೆ ಬೈದಳು. ಆಮೇಲೆ ದವಾಖಾನೆಯ ಮಾತೆತ್ತಿದರೆ ಊಟ ಬಿಡುತ್ತಿದ್ದಳು.

ಆಗಲೇ ಫೋನಿನ ವಿಡಿಯೋದಲ್ಲಿ ಯಾವನೋ ಒಬ್ಬ ಬಂದ. ಬಿಳಿ ಅಂಗಿ, ಕೈಯಲ್ಲೊಂದು ಸಕ್ಕರೆ ಡಬ್ಬಿ. ಸಕ್ಕರೆ, ಅಕ್ಕಿ, ಗೋದಿ, ಜೋಳ ತಿಂದರೆ ರಕ್ತದಲ್ಲಿ ಸಕ್ಕರೆ ಏರಿ ಇಳಿಯುತ್ತದಂತೆ, ಅದರ ಹಿಂದೆ ಮನಸ್ಸೂ ಏರಿ ಇಳಿಯುತ್ತದಂತೆ. ನಮ್ಮ ಅಜ್ಜ ಮುತ್ತಜ್ಜರೆಲ್ಲ ಜೋಳ ತಿಂದೇ ಹುಲಿಯಂತೆ ಬಾಳಿದರಲ್ಲ ಎಂದು ನಾನು ಫೋನಿಗೇ ಬೈದೆ. "ಅಕ್ಕಿ ತಿಂದಂವ ಹಕ್ಕಿ, ಜೋಳ ತಿಂದಂವ ತೋಳ ಅಂತಾರ, ಕೇಳಿಲ್ಲೇನು?" ಎಂದರೆ ಮಾನವ್ವ, "ನಾ ತೋಳ ಆಗೂದು ಬ್ಯಾಡ್ರಿ, ನಿದ್ದಿ ಬಂದ್ರ ಸಾಕು," ಎಂದಳು.

ಬಿಟ್ಟದ್ದೇನೋ ನಿಜ. ನನ್ನ ಹೆಂಡತಿ ಹಿಡಿದದ್ದನ್ನು ಬಿಡುವವಳಲ್ಲ. ಹತ್ತು ಸಲ ಕುಡಿಯುತ್ತಿದ್ದ ಚಹಾ ಎರಡಕ್ಕಿಳಿಯಿತು, ಅದೂ ಸಕ್ಕರೆಯಿಲ್ಲದ ಕರಿ ಚಹಾ. ಬಿಸಿ ರೊಟ್ಟಿ ಉಬ್ಬಿದಾಗ ಆ ವಾಸನೆಗೆ ಮುಖ ಆಚೆ ತಿರುಗಿಸುತ್ತಿದ್ದಳು. ಮೊದಲ ವಾರ ತಲೆನೋವು, ಎರಡನೆಯ ವಾರ ಕೈಕಾಲು ಸೋಲು. ಮೊಟ್ಟೆ ಎರಡು ದಿನಕ್ಕೇ ಸೇರದಾಯಿತು. ಕುಪ್ಪಸ ಸಡಿಲಾಯಿತು. ಹದಿನೈದನೆಯ ದಿನ ಮಧ್ಯಾಹ್ನ, ಗಿರಾಕಿಗಳು ತುಂಬಿದ್ದಾಗ, ಕಣ್ಣಿಗೆ ಕತ್ತಲೆ ಬಂದು ಮುಂದಕ್ಕೆ ವಾಲಿದಳು. ಬಲ ಅಂಗೈ ಕಾದ ಹಂಚಿನ ಮೇಲೆ ಊರಿತು. ಚರ್ಮ ಸುಟ್ಟ ವಾಸನೆ ನನಗೆ ಬಡಿಯಿತು, ಆಕೆಗೆ ನೋವು ಆಮೇಲೆ ತಿಳಿಯಿತು.

ಅವತ್ತೇ ನಾನು ನಿರ್ಧಾರ ಮಾಡಿದೆ. ಅಡುಗೆಯವನಿಗೆ ಬೇರೆ ಏನು ಬರುತ್ತದೆ? ಶೇಂಗಾ ಚಟ್ನಿಗೆ ಹುಣಸೆ ಮತ್ತು ಖಾರ ಒಂದು ಕೈ ಜಾಸ್ತಿ ಹಾಕಿದರೆ ಬೆಲ್ಲ ಎಲ್ಲಿ ಅಡಗಿತೆಂದು ನಾಲಿಗೆಗೆ ಪತ್ತೆಯಾಗುವುದಿಲ್ಲ. ಆಕೆಯ ಮಜ್ಜಿಗೆಗೆ ಅನ್ನದ ಗಂಜಿ ಬೆರೆಸಿದೆ, ಸೊಪ್ಪಿನ ಪಲ್ಯಕ್ಕೆ ಹುರಿದ ಜೋಳದ ಹಿಟ್ಟು ಉದುರಿಸಿದೆ. ಎರಡನೆಯ ದಿನವೇ ಆಕೆ ಚಟ್ನಿ ನೆಕ್ಕಿ, "ಇದಕ್ಕ ಬೆಲ್ಲ ಹಾಕೀರೇನು?" ಎಂದು ಕೇಳಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. "ನನಗೇನ್ ತಲಿ ಕೆಟ್ಟೈತಿ? ಹೊಸಾ ಶೇಂಗಾ, ಸಿಹಿ ಇರತಾವ," ಎಂದು ಗದರಿದೆ. ಆಕೆ ನಂಬಿದಳು. ನಾನು ಗದರಿದ್ದಕ್ಕೆ ಹೆದರಿ ಅಲ್ಲ, ಅಡುಗೆಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ ಎಂದು.

ಮುಂದಿನ ಹತ್ತೇ ದಿನದಲ್ಲಿ ಆಕೆಯ ಮುಖದ ಕಳೆ ತಿರುಗಿತು. ನಿದ್ದೆ ಬಂತು. ದೇವಿಕಾಳಿಗೆ ದಿನಕ್ಕೆ ಒಂದೇ ಫೋನು. ದಿನಾ ಊಟಕ್ಕೆ ಬರುವ ಟೆಂಪೋ ಡ್ರೈವರ್ ಯಮನೂರಸಾಬ, "ಏನ್ ಅಕ್ಕಾರ, ಭಾಳ ಖುಷಿ ಅದೀರಿ," ಎಂದರೆ, "ಸಕ್ಕರಿ ಅಂದ್ರ ವಿಷ ತಮ್ಮಾ, ನೀನೂ ಬಿಟ್ಟ ನೋಡು," ಎಂದು ಉಪದೇಶ ಮಾಡಿದಳು. ಯಮನೂರಸಾಬ ಅವತ್ತು ಚಹಾಕ್ಕೆ ಸಕ್ಕರೆ ಬೇಡ ಎಂದ. ನಾನು ಅಡುಗೆಮನೆಯೊಳಗೆ ಹೋಗಿ ಬಾಯಿ ಮುಚ್ಚಿಕೊಂಡು ನಕ್ಕೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಪೂರಾ ಗುಣವಾದ ಮೇಲೆ ಒಂದು ದಿನ ಬೆಲ್ಲದ ಡಬ್ಬಿ ಎದುರಿಗಿಟ್ಟು, ನಿನ್ನ ಬಿಳಿ ಅಂಗಿಯವನಿಗೆ ಇದನ್ನು ತೋರಿಸು ಎಂದು ಕಾಡಿಸಬೇಕು ಎಂದುಕೊಂಡಿದ್ದೆ. ಯಾವುದರಿಂದ ಗುಣವಾಯಿತು? ಚಹಾ ಕಡಿಮೆಯಾದದ್ದಕ್ಕೋ, ಹೊಟ್ಟೆ ತುಂಬಿದ್ದಕ್ಕೋ, ಏನೋ ಒಂದನ್ನು ಗಟ್ಟಿಯಾಗಿ ಹಿಡಿದೆನೆಂಬ ಧೈರ್ಯಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ತಿಂಗಳ ಮೇಲೆ ಮೂರು ದಿನ ಹೀಗೆ ನಡೆಯಿತು. ಆಗ ಗಜೇಂದ್ರಗಡದಿಂದ ಆಕೆಯ ಅಕ್ಕ ಕರೆವ್ವ ಬಂದಳು. ತಂಗಿಯ ಮುಖ ನೋಡಿ ಕಣ್ಣೀರು ಒರೆಸಿಕೊಂಡು ನನ್ನ ಹತ್ತಿರ ಬಂದು, "ದೇವ್ರು ದೊಡ್ಡಾಂವ ನೋಡ್ರಿ. ಬರೇ ಬಾಯಿಲೆ ಬಿಡ್ತೀನಂದ್ರ ಬಿಡಾಕ ಆಗಂಗಿಲ್ಲಂತ ನಾನಽ ಕಾಲಕಾಲೇಶ್ವರನ ಗುಡಿಗೆ ಕರಕೊಂಡ ಹೋಗಿದ್ದೆ. ಐದ ಹುಣ್ಣಿಮಿ ತನಕಾ ಮುಟ್ಟಂಗಿಲ್ಲ, ಮುಟ್ಟಿದ್ರ ಮಗಳ ಆಯುಷ್ಯ ನಿನಗಽ ದೇವ್ರಽ ಅಂತ ಆಣಿ ಮಾಡಿಸೇನಿ," ಎಂದಳು.

ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ಮಗಳ ಆಯುಷ್ಯ! ಕಾಯಿಲೆಗೆ ಪಥ್ಯ ಎಂದು ನಾನು ತಿಳಿದದ್ದು ದೇವರಿಗೆ ಕೊಟ್ಟ ಮಾತಾಗಿತ್ತು. ನಾನು ದಿನಾ ಎರಡು ಹೊತ್ತು, ಅಳತೆ ನೋಡಿ, ಆ ಮಾತು ಮುರಿದಿದ್ದೆ. ದೇವರಿಲ್ಲ ಎನ್ನುವ ಗಂಡಸು ನಾನಲ್ಲ. ಅವತ್ತೇ ಬೆಲ್ಲ, ಗಂಜಿ, ಹಿಟ್ಟು ಎಲ್ಲ ನಿಲ್ಲಿಸಿದೆ. ಸಂಜೆ ನರಗುಂದದ ಬಸ್ಸು ಬರುವ ಮೊದಲೇ ಹೋಗಿ ನಿಂತೆ. ದೇವಿಕಾ ಇಳಿದು, "ಯಾಕಪಾ, ಇಲ್ಲಿ ನಿಂತೀದಿ?" ಎಂದಳು. ನನ್ನ ಎದೆಯೂ ಡಬಡಬ ಎನ್ನುತ್ತಿತ್ತು. ಎರಡು ವರ್ಷ ನಾನು ಯಾವುದಕ್ಕೆ ಹೆಂಡತಿಯನ್ನು ಬೈದಿದ್ದೆನೆಂದು ಆಗ ತಿಳಿಯಿತು.

ವಾರದ ಮೇಲೆ ಪಕ್ಕದ ಇನಾಯತನ ಅಂಗಡಿಯಿಂದ ಚಹಾ ಬಂತು. ದೇವಿಕಾ ಪರೀಕ್ಷೆಯ ಗಡಿಬಿಡಿಯಲ್ಲಿ ಪುಸ್ತಕದಿಂದ ತಲೆ ಎತ್ತದೆ ಸಕ್ಕರೆ ಹಾಕಿದ ತನ್ನ ಕಪ್ಪನ್ನು ಅವ್ವನ ಕೈಗಿಟ್ಟಳು. ಮಾನವ್ವ ಒಂದು ಗುಟುಕು ನುಂಗಿದಳು. ನುಂಗಿ, ನಿಂತು, ಕಪ್ಪು ಬಿಟ್ಟಳು. ಬಾಯೊಳಗೆ ಬೆರಳು ಹಾಕಿ ವಾಂತಿ ಮಾಡಿಕೊಂಡಳು. ಆಮೇಲೆ ಮಗಳನ್ನು ಒಳಗೆಳೆದು, ಬಾಗಿಲು ಹಾಕಿ, ಆಕೆಯ ಮುಂಗೈ ಹಿಡಿದು ಕೂತಳು.

ಎರಡು ದಿನ ಖಾನಾವಳಿಯ ಒಲೆ ಹೊತ್ತಲಿಲ್ಲ. ಮಾನವ್ವ ನೀರು ಮುಟ್ಟಲಿಲ್ಲ, ಮಗಳ ಕೈ ಬಿಡಲಿಲ್ಲ. ದೇವಿಕಾ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು, "ಅದಿ? ಮಾತಾಡು, ಅದಿ?" ಎನ್ನುತ್ತಿದ್ದಳು. ಕರೆವ್ವ ಫೋನಿನಲ್ಲಿ, ತಪ್ಪುಗಾಣಿಕೆ ಕಟ್ಟಿದರೆ ಆಯಿತೆಂದು ಅತ್ತುಕೊಂಡು ಹೇಳಿದರೂ ಕೇಳಲಿಲ್ಲ. ದವಾಖಾನೆಗೆ ಹೋಗೋಣವೆಂದು ಕಾಲು ಹಿಡಿದೆ. ನಿಜವಾಗಿಯೂ ಹಿಡಿದೆ. "ಅಕಿನ್ನ ಹೊರಗ ತಂದ್ರ ಸಾಯ್ತಾಳ್ರಿ," ಎಂದಳು. ತುಟಿ ಒಡೆದು ರಕ್ತ ಬರುತ್ತಿತ್ತು.

ಮೂರನೆಯ ದಿನ ಸೋಮವಾರ. ಹತ್ತಕ್ಕೆ ನರಗುಂದದಲ್ಲಿ ಕೊನೆಯ ವರ್ಷದ ಪರೀಕ್ಷೆ, ಏಳೂವರೆಗೆ ಬಸ್ಸು. ದೇವಿಕಾ ಹಾಲ್ ಟಿಕೆಟ್ ಹಿಡಿದು ಸದ್ದಿಲ್ಲದೆ ಅಳುತ್ತಿದ್ದಳು. ಒಬ್ಬಾಕೆಯ ಓದು ಹೋಗುತ್ತದೆ, ಇನ್ನೊಬ್ಬಾಕೆಯ ಜೀವ ಹೋಗುತ್ತದೆ, ನಾನು ಸೌಟು ಹಿಡಿದು ನೋಡುತ್ತಾ ನಿಲ್ಲಬೇಕೇ? ಅಡುಗೆಮನೆಯಿಂದ ಬೆಲ್ಲದ ಡಬ್ಬಿ ತಂದು ಆಕೆಯ ಮುಂದಿಟ್ಟೆ.

"ನೀ ಒಂದ ಗುಟಕಿಗೆ ಸಾಯಾಕತ್ತಿ. ನಾ ನಿನಗ ಮೂವತ್ಮೂರ ದಿನ ಬೆಲ್ಲ ತಿನಿಸೇನಿ. ಚಟ್ನ್ಯಾಗ. ಮಜ್ಜಿಗ್ಯಾಗ ಗಂಜಿ, ಪಲ್ಯದಾಗ ಹಿಟ್ಟು. ಆಣಿ ನನಗ ಗೊತ್ತಿರಲಿಲ್ಲ. ನೋಡು, ಮಗಳು ನಿನ್ನ ಮುಂದ ಕುಂತಾಳ. ಏನ್ ಆಗೇತಿ ಅಕಿಗೆ?"

ಮಾನವ್ವ ಡಬ್ಬಿಯನ್ನು ಆಚೆ ತಳ್ಳಿದಳು. "ಸುಳ್ಳ ಹೇಳಾಕತ್ತೀರಿ, ಅಕಿನ್ನ ಕಳಸಾಕ."

ಆಕೆಯ ಎದುರಿಗೇ ಶೇಂಗಾ ಹುರಿದು, ಹುಣಸೆ, ಖಾರ, ಬೆಲ್ಲ ಹಾಕಿ ಅರೆದೆ. ಬೆರಳ ತುದಿಯಲ್ಲಿ ನಾಲಿಗೆಗೆ ಹಚ್ಚಿಕೊಂಡು, ನುಂಗದೆ ಉಗುಳಿದಳು. ಅದೇ ರುಚಿ. ಅಡುಗೆ ಸುಳ್ಳು ಹೇಳಲಿಲ್ಲ. ಆಕೆಯ ಕೈ ಮಗಳ ಮುಂಗೈಯಿಂದ ತಾನಾಗಿ ಕಳಚಿತು. "ಮೂವತ್ಮೂರ ದಿನ," ಎಂದಳು. "ನಾ ತಿಳದು ತಿಂದಿಲ್ಲ. ಅದಕ್ಕಽ ಅಕಿಗೆ ಏನೂ ಆಗಿಲ್ಲ." ನಕ್ಕಳು ಕೂಡ. ಎದ್ದು ಬಾಗಿಲು ತೆಗೆದಳು, ಮಗಳ ಹಣೆಗೆ ಕುಂಕುಮ ಹಚ್ಚಿದಳು. ದೇವಿಕಾ ಓಡುತ್ತಾ ಹೋಗಿ ಬಸ್ಸು ಹಿಡಿದಳು. ನಾನು ಹೊಸ್ತಿಲ ಮೇಲೆ ಕೂತು ಗಂಡಸೆಂಬುದನ್ನು ಮರೆತು ಅತ್ತೆ. ಗೆದ್ದೆ ಎಂದುಕೊಂಡಿದ್ದೆ.

ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಕುಡಿದ ಮೇಲೆ ಮಾನವ್ವ ಮೆಲ್ಲಗೆ ಕೇಳಿದಳು: "ಹಂಗಾರ ಆ ದೋಷ ಯಾರಿಗೆ ತಟ್ಟತೈತ್ರಿ?"

ಮೂರು ದಿನದ ನಿದ್ದೆಗೇಡು, ನನ್ನ ಹಾಳು ಸಿಟ್ಟು. "ನನಗ ತಟ್ಟಲಿ! ತಿನಿಸಿದಾಂವ ನಾನು, ನಾನಽ ಸಾಯ್ತೀನಿ, ಬಿಡು!" ಎಂದುಬಿಟ್ಟೆ.

ಆಕೆಯ ಮುಖ ಸುಣ್ಣದಂತಾಯಿತು. ಅಂದ ಮಾತನ್ನು ಮತ್ತೆ ಬಾಯೊಳಗೆ ತುರುಕಿಕೊಳ್ಳಲು ಆಗುವುದಿಲ್ಲ. ಸಂಜೆ ದೇವಿಕಾ ಪರೀಕ್ಷೆ ಚಲೋ ಆಗಿದೆ ಎಂದು ಕುಣಿಯುತ್ತಾ ಬಂದರೆ ಅವ್ವ ಆ ಕಡೆ ನೋಡಲೂ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

ಇದೆಲ್ಲ ಆಗಿ ಇಪ್ಪತ್ತು ದಿನವಾಯಿತು. ದೇವಿಕಾಳಿಗೆ ಈಗ ಫೋನು ಹೋಗುವುದೇ ಇಲ್ಲ. ಕಾಯಿಪಲ್ಲೆ ಸಂತೆಗೆ ಹೋದರೆ ನನ್ನ ಜೇಬಿನಲ್ಲಿ ಹೊಡೆದುಕೊಳ್ಳುತ್ತದೆ. "ಎಲ್ಲಿ ಅದೀರಿ? ರಸ್ತೆ ದಾಟೀರೇನು?" ದವಾಖಾನೆಗೆ ಹೋಗೋಣ ಎಂದರೆ, "ಬ್ಯಾಡ್ರಿ, ದಾರ್ಯಾಗ ನಿಮಗ ಏನರ ಆದ್ರ?" ಎನ್ನುತ್ತಾಳೆ. ನಾನು ಮಾಡಿದ್ದನ್ನು ತಿನ್ನುವುದಿಲ್ಲ, ತನ್ನ ಗಡಿಗೆಯನ್ನು ಬೇರೆ ಇಟ್ಟುಕೊಂಡಿದ್ದಾಳೆ. ಹೋದ ಸೋಮವಾರ ಅಕ್ಕನ ಜೊತೆ ಮತ್ತೆ ಗುಡಿಗೆ ಹೋಗಿ ಬಂದಳು. ಸಕ್ಕರೆ, ಜೋಳ, ಅಕ್ಕಿ ಬಿಟ್ಟದ್ದು ಹಾಗೇ ಇದೆ. ಈಗ ಉಪ್ಪನ್ನೂ ಬಿಟ್ಟಿದ್ದಾಳೆ, ನನ್ನ ಆಯುಷ್ಯಕ್ಕಾಗಿ. ಒಲೆಯ ಮುಂದೆ ಕೂತು ಇನ್ನೂರು ರೊಟ್ಟಿ ಬಡಿದು, ಉಪ್ಪಿಲ್ಲದ ಬೇಯಿಸಿದ ಸೊಪ್ಪು ತಿನ್ನುತ್ತಾಳೆ. ನಾನು ತಿರುಗಾಡುವುದನ್ನು ನೋಡುತ್ತಾ ತಿನ್ನುತ್ತಾಳೆ.

ನಿನ್ನೆಯಿಂದ ನನಗೆ ಜ್ವರ. ಆಕೆಗೆ ಹೇಳಿಲ್ಲ.