ದೇವುವಿನ ತೂಕ

ಸುಗಂಧಿಗೆ ಹೊಟ್ಟೆಕಿಚ್ಚು ಇತ್ತು ಎಂದರೆ ಕಡಿಮೆ ಹೇಳಿದ ಹಾಗಾಯಿತು. ಬೇಲಿಯಾಚೆ ಝೈನಬಳ ಕಿಟಕಿಯಲ್ಲಿ ಹಾಲಿನ ಪುಡಿಯ ಫಾರಿನ್ ಡಬ್ಬಗಳು ಸಾಲಾಗಿ ಕೂತದ್ದನ್ನು ಕಂಡ ದಿನ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಡಬ್ಬಗಳೋ, ದಿನಾ ಕಾಣುತ್ತಿದ್ದವು. ಝೈನಬಳ ಗಂಡ ಜಮಾಲ್ ದುಬೈಯಲ್ಲಿದ್ದ. ಸುಗಂಧಿಯ ಗಂಡ ಶೇಖರ ಕಾರ್ಕಳದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ದುಬೈಯಿಂದ ಡಬ್ಬ ಬರುತ್ತದೆ; ಕಾರ್ಕಳದಿಂದ ಏನು ಬರಬೇಕು, ವಾರಕ್ಕೊಮ್ಮೆ ಎಣ್ಣೆ ವಾಸನೆಯ ಅಂಗಿ.

ಇಬ್ಬರಿಗೂ ಒಂದೇ ಮಳೆಗಾಲದಲ್ಲಿ ಹುಟ್ಟಿದ ಗಂಡುಮಕ್ಕಳು. ಝೈನಬಳ ಸುಲೈಮಾನ್ ಮೈಕೈ ತುಂಬಿಕೊಂಡಿದ್ದ. ಸುಗಂಧಿಯ ದೇವದಾಸ, ಮನೆಯವರ ಬಾಯಲ್ಲಿ ದೇವು, ಎರಡು ವರ್ಷವಾದರೂ ಕಡ್ಡಿಯ ಹಾಗಿದ್ದ. ಯಾರಾದರೂ ಕೇಳಿದರೆ ಸುಗಂಧಿ, "ನಮ್ಮ ಕಡೆಯವರೆಲ್ಲ ಸಪೂರವೇ" ಎಂದು ಮುಖ ತಿರುಗಿಸಿ ಬೀಡಿ ಕಟ್ಟಲು ಕೂರುತ್ತಿದ್ದಳು. ಆದರೆ ಒಳಗೆ ಉರಿಯುತ್ತಿತ್ತು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಮಣಿಪಾಲದ ಆಸ್ಪತ್ರೆಯಿಂದ ನರ್ಸ್ ವೆರೊನಿಕಾ ಬಾಯಿ ತಿಂಗಳಿಗೊಮ್ಮೆ ಇವರ ಊರಾದ ಕಾಪುವಿಗೆ ಬರತೊಡಗಿದರು. ತಾಯಂದಿರನ್ನೆಲ್ಲ ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡು, ನುಗ್ಗೆಸೊಪ್ಪು ಬೇಲಿಯಲ್ಲೇ ಇರುವಾಗ ಮಗುವಿಗೆ ಬರೀ ಗಂಜಿ ಯಾಕೆ ಎಂದು ಕೇಳುವರು. ಬೂತಾಯಿ ಮೀನು ಅಗ್ಗವಾದ ಕೂಡಲೇ ಬುಟ್ಟಿಗಟ್ಟಲೆ ತೆಂಗಿನ ಬುಡಕ್ಕೆ ಸುರಿಯುತ್ತೀರಲ್ಲ, ನಿಮಗೆ ಮರ ಹೆಚ್ಚೋ ಮಗು ಹೆಚ್ಚೋ ಎಂದು ಗದರುವರು. ಪಾಠ ಮುಗಿದ ಮೇಲೆ ಜಗಲಿಯ ತೊಲೆಗೆ ತಕ್ಕಡಿ ತೂಗುಹಾಕಿ, ಅದರ ಬಟ್ಟೆಯ ಜೋಲಿಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸುವರು. ತೂಕ ಸಾಲದ ಮಗುವಿಗೆ ಒಂದು ಪೊಟ್ಟಣ ಹುರಿಹಿಟ್ಟು ಸಿಗುತ್ತಿತ್ತು. ರಾಗಿ, ಹೆಸರುಕಾಳು, ನೆಲಗಡಲೆ ಹುರಿದು ಬೀಸಿ ಬೆಲ್ಲ ಬೆರೆಸಿದ್ದು.

ಮೊದಲ ಸಲ ಸುಲೈಮಾನ್ ಜೋಲಿಯಲ್ಲಿ ಕೂತಾಗ ಬಾಯಿ, "ಇವನಿಗೆ ಏನೂ ತೊಂದರೆ ಇಲ್ಲ" ಎಂದು ಅವನ ಕೆನ್ನೆ ಹಿಂಡಿದರು. ದೇವು ಕೂತಾಗ ಪೊಟ್ಟಣ ಎತ್ತಿ ಸುಗಂಧಿಯ ಕೈಗಿಟ್ಟು, "ದಿನಾ ಎರಡು ಹೊತ್ತು ಕೊಡಿ, ಮರೆಯಬೇಡಿ" ಎಂದರು. ಇಡೀ ಜಗಲಿ ನೋಡುತ್ತಿತ್ತು. ಝೈನಬಳೂ ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸುಗಂಧಿಗೆ. ಮನೆಗೆ ಬಂದವಳೇ, ಗತಿಯಿಲ್ಲದವರ ಹಿಟ್ಟು ನನ್ನ ಮಗನಿಗೆ ಬೇಡವೆಂದು ಪೊಟ್ಟಣ ಬಿಚ್ಚಿ ಕೋಳಿಗಳ ಮುಂದೆ ಸುರಿದಳು. ಕೋಳಿಗಳಿಗೆ ಮಾನ ಮರ್ಯಾದೆಯ ಚಿಂತೆ ಇರಲಿಲ್ಲ, ಚೆನ್ನಾಗಿ ತಿಂದವು.

ಮರುತಿಂಗಳ ಪಾಠದ ದಿನ ಬೆಳಿಗ್ಗೆ ಅವಳು ಪೆಟ್ಟಿಗೆಯ ಅಡಿಯಿಂದ ತೀರಿಹೋದ ಮಾವ ಮುದ್ದಣ್ಣನ ನೇವಳ ತೆಗೆದಳು. ಮುದ್ದಣ್ಣ ಭಾರಿ ಆಳು, ಅವನ ಸೊಂಟಪಟ್ಟಿಯೂ ಹಾಗೆಯೇ, ಹಳೆಯ ಕಾಲದ ದಪ್ಪ ಬೆಳ್ಳಿ. ಅದನ್ನು ದೇವುವಿನ ಸೊಂಟಕ್ಕೆ ಸುತ್ತಿನ ಮೇಲೆ ಸುತ್ತು ಬಿಗಿದು, ಮೇಲೆ ಚಡ್ಡಿ ಎಳೆದಳು. ಹೊರಡುವ ಮೊದಲು ಗಂಟಲಮಟ್ಟ ಗಂಜಿ ಕುಡಿಸಿದಳು.

ಜೋಲಿಗೆ ಎತ್ತುವಾಗ ಬಾಯಿಯ ಕೈಗೆ ಬೆಳ್ಳಿ ತಾಗಿತು.

"ನೇವಳವಾ? ಸ್ವಲ್ಪ ಬಿಚ್ಚಬಹುದಲ್ವಾ?"

"ಎಂತ ಬಾಯಮ್ಮ, ಗಂಡುಮಗುವಿನ ಸೊಂಟ ಬರಿದು ಮಾಡುವುದುಂಟಾ?" ಎಂದಳು ಸುಗಂಧಿ.

ಹೆಂಗಸರೆಲ್ಲ ಒಂದೇ ಬಾಯಲ್ಲಿ ಹೌದೆಂದರು. ಖದೀಜಮ್ಮ, ಝೈನಬಳ ಅತ್ತೆ, "ಅದು ಮಾತ್ರ ಆಗದು" ಎಂದು ತಲೆಯಾಡಿಸಿದಳು. ಬಾಯಿ ಮಗುವನ್ನು ಹಾಗೆಯೇ ಜೋಲಿಗೆ ಇಳಿಸಿದರು. ತಕ್ಕಡಿಯ ಮುಳ್ಳು ಇಳಿಯಬೇಕಾದಲ್ಲಿಗೆ ಇಳಿಯಿತು. "ನೋಡಿ, ತಾಯಿ ಎಂದರೆ ಹೀಗೆ" ಎಂದು ಬಾಯಿ ಸುಗಂಧಿಯನ್ನು ಎಬ್ಬಿಸಿ ನಿಲ್ಲಿಸಿದರು. "ಹಿಟ್ಟನ್ನು ಹೇಗೆ ಮಾಡಿ ಕೊಟ್ಟಿರಿ, ಎಲ್ಲರಿಗೂ ಹೇಳಿ."

"ನೀರು ಕುದಿಸಿ, ಉಪ್ಪು ಹಾಕಿ," ಎಂದು ಸುಗಂಧಿ ಬಾಯಿಗೆ ಬಂದದ್ದು ಹೇಳಿದಳು.

ಅಂದು ಸುಲೈಮಾನನ ತೂಕ ಇಳಿದಿತ್ತು. ಚೀಲದಲ್ಲಿ ಉಳಿದಿದ್ದ ಒಂದೇ ಒಂದು ಪೊಟ್ಟಣ ಝೈನಬಳ ಕೈಗೆ ಹೋಯಿತು. ಗೆದ್ದೆ ಎಂದು ಸುಗಂಧಿ ಕುಣಿಯಬೇಕಿತ್ತು. ಆದರೆ ಮನುಷ್ಯರ ಹೊಟ್ಟೆ ನೋಡಿ: ಹೋದ ತಿಂಗಳು ಕೋಳಿಗೆ ಸುರಿದ ಹಿಟ್ಟು ಈಗ ಆಚೆ ಮನೆಗೆ ಹೋಯಿತಲ್ಲ ಎಂದು ಅದಕ್ಕೂ ಅವಳಿಗೆ ಉರಿಯಿತು.

ಮನೆಗೆ ಬಂದು ದೇವುವನ್ನು ನೆಲಕ್ಕಿಳಿಸಿ ಬೀಡಿಯ ಮೊರ ಎಳೆದುಕೊಂಡಳೋ ಇಲ್ಲವೋ, ಝೈನಬ್ ಮಗನನ್ನೂ ಪೊಟ್ಟಣವನ್ನೂ ಎತ್ತಿಕೊಂಡು ಅಂಗಳಕ್ಕೆ ಬಂದಳು.

"ಸುಗಂಧಿಯಕ್ಕ, ನೀವು ಉಪ್ಪು ಅಂದಿರಿ. ನಾನು ಬಾಯಿಗೆ ಹಾಕಿ ನೋಡಿದೆ, ಇದರಲ್ಲಿ ಬೆಲ್ಲ ಉಂಟಲ್ಲ. ಇದಕ್ಕೆ ಉಪ್ಪು ಹಾಕುವುದಾ?"

ಸುಗಂಧಿಯ ಕೈಯಲ್ಲಿ ಬೀಡಿ ಎಲೆ ಹಾಗೆಯೇ ನಿಂತಿತು. "ನಾನು ಹಾಗೆ ಮಾಡುವುದು," ಎಂದಳು.

ಝೈನಬ್ ಮೆಟ್ಟಿಲಲ್ಲಿ ಕೂತಳು. "ನಿಮ್ಮ ಹತ್ತಿರ ಸುಳ್ಳು ಯಾಕೆ ಅಕ್ಕ. ದುಬೈಯಲ್ಲಿ ಇವರ ಕೆಲಸ ಹೋಗಿದೆ. ಮಳೆ ಹಿಡಿದ ಮೇಲೆ ಒಂದು ಡಬ್ಬವೂ ಬರಲಿಲ್ಲ. ಕಿಟಕಿಯಲ್ಲಿರುವುದೆಲ್ಲ ಖಾಲಿ. ಕೊನೆಯದ್ದಕ್ಕೆ ನೀರು ಸೇರಿಸಿ ಸೇರಿಸಿ ಕುಡಿಸಿದೆ. ದುಬೈಯವನ ಹೆಂಡತಿ ನಾನು, ಯಾರ ಹತ್ತಿರ ಹೇಳುವುದು? ಇವತ್ತು ನಿಮ್ಮ ದೇವುವನ್ನು ತೂಗಿದಾಗ ನನಗೆ ಹೊಟ್ಟೆ ಉರಿದುಹೋಯಿತು."

ಸುಗಂಧಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಝೈನಬಳಿಗೆ ತನ್ನನ್ನು ಕಂಡು ಹೊಟ್ಟೆ ಉರಿ. ಇದನ್ನು ಕೇಳಲು ಎಷ್ಟು ಕಾಲದಿಂದ ಕಾದಿದ್ದಳೋ. ಇನ್ನೊಮ್ಮೆ ಹೇಳಿಸಬೇಕು ಅನ್ನುವಷ್ಟರಲ್ಲಿ, ಅಂಗಳದಲ್ಲಿ ಸುಲೈಮಾನನನ್ನು ಕಂಡ ದೇವು ಅವನ ಹತ್ತಿರ ಹೋಗಲೆಂದು ಎದ್ದ. ಏಳಲಾಗಲಿಲ್ಲ. ಅರ್ಧ ಎದ್ದು ಧೊಪ್ಪನೆ ಕೂತ. ಮತ್ತೆ ನೆಲಕ್ಕೆ ಕೈಯೂರಿ ಎದ್ದ, ಮತ್ತೆ ಕೂತ. ಅಳಲೂ ಇಲ್ಲ, ಕೂತಲ್ಲೇ ತಾಯಿಯ ಮುಖ ನೋಡಿದ. ಅಜ್ಜನ ಬೆಳ್ಳಿ ಅವನನ್ನು ಏಳಗೊಡುತ್ತಿರಲಿಲ್ಲ.

"ಉಪ್ಪೇ ಹಾಕುತ್ತೇನೆ ಅಕ್ಕ," ಎನ್ನುತ್ತಿದ್ದಳು ಝೈನಬ್. "ನೀವು ಮಾಡಿದ ಹಾಗೆಯೇ ಮಾಡುತ್ತೇನೆ."

"ನಾನು ಎಂತದ್ದೂ ಮಾಡಲಿಲ್ಲ," ಎಂದಳು ಸುಗಂಧಿ. ಮೊರ ತಳ್ಳಿ ಎದ್ದು, ದೇವುವಿನ ಚಡ್ಡಿ ಸರಿಸಿ ಸುತ್ತು ಸುತ್ತಾಗಿ ನೇವಳ ಬಿಚ್ಚಿದಳು. ಎಳೆಯ ಸೊಂಟದಲ್ಲಿ ಕೆಂಪು ಬರೆ ಎದ್ದಿತ್ತು. ಸೊಂಟ ಬರಿದಾಗಬಾರದೆಂದು ಬೀಡಿ ಕಟ್ಟುವ ನೂಲನ್ನೇ ಹರಿದು ಕಟ್ಟಿದಳು. "ಬಾಯಮ್ಮನಿಗೆ ಬಸ್ಸು ಸಿಕ್ಕಿರಲಿಕ್ಕಿಲ್ಲ. ಬಾ."

ಹೆದ್ದಾರಿಯ ಬಸ್ ನಿಲ್ದಾಣದಲ್ಲಿ ವೆರೊನಿಕಾ ಬಾಯಿ ಇನ್ನೂ ನಿಂತಿದ್ದರು. ಪಾಠಕ್ಕೆ ಬಂದಿದ್ದ ಹೆಂಗಸರೂ ನಾಲ್ಕೈದು ಮಂದಿ ಅಲ್ಲೇ ಇದ್ದರು.

"ಬಾಯಮ್ಮ, ಇವನನ್ನು ಇನ್ನೊಮ್ಮೆ ತೂಗಿ," ಎಂದಳು ಸುಗಂಧಿ ಏದುಸಿರು ಬಿಡುತ್ತಾ.

ಬಾಯಿ ಅವಳ ಮುಖ ನೋಡಿ, ನಿಲ್ದಾಣದ ಅಡ್ಡತೊಲೆಗೆ ತಕ್ಕಡಿ ಸಿಕ್ಕಿಸಿದರು. ದೇವು ಜೋಲಿಯಲ್ಲಿ ಕೂತ. ಮುಳ್ಳು ಹೋದ ತಿಂಗಳು ನಿಂತಲ್ಲಿಗೂ ಇಳಿಯಲಿಲ್ಲ, ಅದಕ್ಕಿಂತ ಹಿಂದೆಯೇ ನಿಂತಿತು.

"ಹಿಟ್ಟು ಕೊಟ್ಟಿದ್ದೀರಲ್ಲ?" ಬಾಯಿ ಮೆಲ್ಲಗೆ ಕೇಳಿದರು.

"ಕೋಳಿಗೆ ಹಾಕಿದೆ," ಎಂದಳು ಸುಗಂಧಿ. ಮೆಲ್ಲಗೆ ಹೇಳಬಹುದಿತ್ತು, ಆದರೆ ದನಿ ಅವಳ ಕೈಮೀರಿ ದೊಡ್ಡದಾಗಿ ಬಂತು. "ತೂಗುವಾಗ ಇವನ ಸೊಂಟದಲ್ಲಿದ್ದದ್ದು ನನ್ನ ಮಾವನ ನೇವಳ. ಇವಳ ಮಗನಿಗಿಂತ ಹೆಚ್ಚು ತೂಗಬೇಕು ಅಂತ."

"ಕೋಳಿಗಾ ಅಕ್ಕ?" ಎಂದಳು ಝೈನಬ್.

ಬಾಯಿ ಚೀಲದೊಳಗೆ ಕೈಹಾಕಿ ತಡಕಿದರು. ಬರಿಗೈ ಹೊರಗೆ ಬಂತು. "ಇನ್ನು ಮುಂದಿನ ತಿಂಗಳೇ ಬರುವುದು ಮಾರಾಯ್ತಿ. ಅಲ್ಲಿವರೆಗೆ ಸೊಪ್ಪು, ಮೀನು, ಎಂತ ಸಿಗುತ್ತದೋ ಅದನ್ನು ಕೊಡಿ. ಇವನು ಹೀಗೆ ಇಳಿಯುತ್ತಾ ಹೋಗಬಾರದು." ಉಡುಪಿಯ ಬಸ್ಸು ಬಂತು, ಬಾಯಿ ಹತ್ತಿದರು. ಹೆಂಗಸರು ತಮ್ಮತಮ್ಮಲ್ಲೇ ಏನೋ ಗುಣುಗುಟ್ಟುತ್ತಾ ದಾರಿ ಹಿಡಿದರು.

ಸುಗಂಧಿ ದೇವುವನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಕೊಡು ಎಂದು ಕೇಳಲು ನಾಲಿಗೆ ಏಳಲಿಲ್ಲ. ಝೈನಬ್ ಕಟ್ಟೆಯ ಮೇಲೆ ಕೂತು ಪೊಟ್ಟಣದ ಬಾಯಿ ಬಿಚ್ಚಿದಳು. ಸುಲೈಮಾನನ ಬಾಯಿಗೆ ಒಂದು ಚಿಟಿಕೆ ಹಾಕಿದಳು. ಆಮೇಲೆ ಅಂಗೈಯಲ್ಲಿ ಹಿಟ್ಟು ಸುರಿದುಕೊಂಡು ದೇವುವಿನ ಕಡೆ ಚಾಚಿದಳು.

ದೇವು ತಾಯಿಯ ಕೈಯಿಂದ ಜಾರಿ ಇಳಿದು, ಝೈನಬಳ ಮಡಿಲಿಗೆ ಒರಗಿ, ಅವಳ ಅಂಗೈಗೆ ಬಾಯಿ ಹಚ್ಚಿದ. ಕೆನ್ನೆ ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ತಿಂದ. ತಾಯಿಯ ಕೈಯಿಂದ ಅವನು ಎಂದೂ ಹಾಗೆ ತಿಂದವನಲ್ಲ. ಸುಗಂಧಿಗೆ ಹೊಟ್ಟೆ ಭಗ್ಗೆಂದು ಉರಿಯಿತು. ಉರಿದರೆ ಉರಿಯಲಿ ಎಂದು ಅವಳು ಅಲುಗಾಡದೆ ನಿಂತಳು. ಮಗ ತಿನ್ನುತ್ತಿದ್ದ.